ತಂತಿ ಬದಲಿಸುವಷ್ಟು ಹೊತ್ತು

ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಮಗಳ ಕೈಯಲ್ಲಿದ್ದ ಗಿಟಾರಿನ ತಂತಿ ಪಟ್ಟನೆ ಹರಿಯಿತು. ಅಪ್ಪನ ಗಿಟಾರು, ಅಪ್ಪನೇ ಕಟ್ಟಿದ ಹಾಡು. ಅಂತಿಮ ದರ್ಶನಕ್ಕೆ ಬಂದವರೆಲ್ಲ ಗಾಬರಿಯಿಂದ ತಲೆಯೆತ್ತಿದರು. ಹೂವಿನ ನಡುವೆ ಮಲಗಿದ್ದ ಹಾಡುಗಾರನಿಗೆ ಮಾತ್ರ ಏನೂ ಅನ್ನಿಸಲಿಲ್ಲ. ಬದುಕಿದ್ದಾಗಲೂ ತಂತಿಗೆಲ್ಲ ತಲೆ ಕೆಡಿಸಿಕೊಂಡವನಲ್ಲ ಬಿಡಿ.

ಮುಂದಿನ ಸಾಲಿನಲ್ಲಿ ಕೂತಿದ್ದ ಹೆಂಡತಿಯ ಕಿವಿಯಲ್ಲಿ, ಮೂವತ್ತು ವರ್ಷ ಅವನ ಜೊತೆ ಡ್ರಮ್ಮು ಬಾರಿಸಿದವನು ಪಿಸುಗುಟ್ಟಿದ: "ಅತ್ತಿಗೆ, ಏಳಿ. ನಿಮ್ಮ ಕತೆ."

"ಇವತ್ತೂ ಹೇಳ್ಬೇಕೇನೋ?"

"ಇವತ್ತು ಸುಮ್ನೆ ಕೂತ್ರೆ ಅಣ್ಣ ಎದ್ದು ಬೈತಾರೆ."

* * *

ಅಂಗಡಿ ಉದ್ಘಾಟನೆ, ಶಾಲೆಯ ವಾರ್ಷಿಕೋತ್ಸವ, ಯಾರದೋ ಮದುವೆ, ಹೀಗೆ ಕರೆದಲ್ಲೆಲ್ಲ ಹಾಡಿ ಸಂಸಾರ ತೂಗಿಸಿದವನು ಅವನು. ಹೊಸ ಹಾಡುಗಾರರು ಬಂದರೆ ಬುದ್ಧಿ ಹೇಳುತ್ತಿದ್ದ. "ತಂತಿ ಹರೀತಾ? ಕ್ಷಮೆಗಿಮೆ ಕೇಳಬೇಡಿ. ಇನ್ನೊಂದು ತಂತಿ ಕೈಗೆ ಸಿಗೋ ಹಾಗಿರಲಿ. ಅಷ್ಟು ಹೊತ್ತು ಯಾರಾದ್ರೂ ಮಾತಾಡ್ತಿರಲಿ. ಜನ ಒಂದ್ಸಲ ಎದ್ರೆ ಮತ್ತೆ ಕೂರಲ್ಲ."

ಆ ಯಾರಾದರೂ ಎಂದರೆ ಹೆಂಡತಿ. ಅವಳಿಗೆ ಬರುತ್ತಿದ್ದುದು ಒಂದೇ ಕತೆ, ಅವರಿಬ್ಬರ ಮೊದಲ ಭೇಟಿಯದು. ಅದರ ಕೊನೆಯನ್ನು ಮಾತ್ರ ಯಾರೂ ಕೇಳಿಲ್ಲ. ಅವಳು ಅಲ್ಲಿಗೆ ಮುಟ್ಟುವಷ್ಟರಲ್ಲಿ ಅವನು ಝಣ್ ಎಂದು ಮೀಟಿ ಹಾಡು ಎತ್ತಿಕೊಂಡುಬಿಡುತ್ತಿದ್ದ.

ಹೋದ ವಾರ ಹಾಸಿಗೆಯ ಪಕ್ಕ ಕೂತು ಕೇಳಿದ್ದಳು: "ರೀ, ಒಂದ್ಸಲನಾದ್ರೂ ಕತೆ ಮುಗಿಸೋಕೆ ಬಿಡ್ತೀರೋ ಇಲ್ವೋ?"

"ನಾನಿರೋವರೆಗೂ ಇಲ್ಲ ಕಣೆ," ಎಂದು ಕೆಮ್ಮುತ್ತಲೇ ನಕ್ಕಿದ್ದ.

* * *

ಅವಳು ಎದ್ದು ನಿಂತಳು. ತಂತಿ ಬದಲಿಸುವುದರಲ್ಲಿ ಮಗಳದೂ ಅಪ್ಪನಷ್ಟೇ ಚುರುಕಿನ ಕೈ. ಇವತ್ತೂ ಕತೆ ಅರ್ಧಕ್ಕೆ ನಿಂತರೆ ಇನ್ನು ಹೇಳುವ ಸಂದರ್ಭವೇ ಇಲ್ಲ.

"ಬಸ್ ನಿಲ್ದಾಣದ ಎದುರು ಒಂದು ಬಟ್ಟೆ ಅಂಗಡಿ. ಅಲ್ಲಿ ಇವರ ಹಾಡು. ಬಸ್ಸು ಬಂತು, ಕೇಳ್ತಿದ್ದವರೆಲ್ಲ ಓಡಿದ್ರು. ನಾನೊಬ್ಬಳೇ ನಿಂತಿದ್ದೆ. ಮಾರನೇ ದಿನ ಇವರು ನಮ್ಮನೆಗೇ ಬಂದು, ಬಸ್ಸು ಬಿಟ್ಟು ನನ್ನ ಹಾಡು ಕೇಳಿದ ಹುಡುಗಿನೇ ಬೇಕು ಅಂತ ಕೂತ್ರು."

ರೂಢಿಯಂತೆ ಇಲ್ಲಿಗೆ ಮಾತು ನಿಲ್ಲಿಸಿದಳು. ಗಿಟಾರು ಝಣ್ ಎನ್ನಲಿಲ್ಲ.

"ಹೊಸ ಚಪ್ಪಲಿ ಕಚ್ತಿತ್ತು ಅಂತ ಬಿಚ್ಚಿಟ್ಟಿದ್ದೆ," ಎಂದಳು. "ಇವರು ಸ್ಪೀಕರ್ ಪೆಟ್ಟಿಗೆ ತಂದು ಅದರ ಮೇಲೇ ಇಟ್ರು. ಬರಿಗಾಲಲ್ಲಿ ಬಸ್ಸಿಗೆ ಹೇಗೆ ಓಡ್ಲಿ?"

ಮೊದಲು ನಕ್ಕವನು ಡ್ರಮ್ಮಿನವನು. ಆಮೇಲೆ ಸಭಾಂಗಣವೇ ನಕ್ಕಿತು.

"ಚಪ್ಪಲಿಗೋಸ್ಕರ ಹತ್ತು ಹಾಡು ಕಾದೆ. ಕೊನೆಗೆ ಪೆಟ್ಟಿಗೆ ಎತ್ತಿ ಇವರೇ ಚಪ್ಪಲಿ ಕೈಗೆ ಕೊಟ್ರು. ಹಾಕ್ಕೊಂಡು ಎರಡು ಹೆಜ್ಜೆ ಹೋದವಳು ವಾಪಸ್ ಬಂದು, ಇನ್ನೊಂದು ಹಾಡಿ ಅಂದೆ. ಆ ಹಾಡೇ ಈಗ ಅರ್ಧ ಆಗಿರೋದು."

ಕಣ್ಣೊರೆಸಿಕೊಂಡು ಮಗಳ ಕಡೆ ತಿರುಗಿದಳು. ಹೊಸ ತಂತಿ ಯಾವಾಗಲೋ ಬಿಗಿದು ಶ್ರುತಿಗೆ ಕೂತಿತ್ತು. ಮಗಳು ಅದು ಸದ್ದು ಮಾಡದಂತೆ ಅಂಗೈಯಿಂದ ಅದುಮಿ ಹಿಡಿದು ಕಾಯುತ್ತಿದ್ದಳು.