ಮೂರನೆಯ ಸಿಲಿಂಡರಿನ ಕೆಮ್ಮು

ಮಾತು ಬೆಳ್ಳಿ, ಮೌನ ಗುಜರಿ. ಗಾದೆ ನನಗೆ ಗೊತ್ತಿದೆ, ಬೇಕೆಂದೇ ತಿದ್ದಿದ್ದೇನೆ. ನಾನೊಂದು ಮುದಿ ಕಾರು. ಬಾಯಿಲ್ಲದ ತಪ್ಪಿಗೆ ಕಿಲೋ ಲೆಕ್ಕದಲ್ಲಿ ಮಾರಾಟವಾಗುವುದರಲ್ಲಿದ್ದೆ. ಹೇಳುವುದೆಲ್ಲ ನಿಜ, ಸುಳ್ಳಾದರೆ ನನ್ನ ನಾಲ್ಕೂ ಗಾಲಿಯ ಗಾಳಿ ಹೋಗಲಿ.

ಕಾರ್ಖಾನೆಯಲ್ಲಿ ಹುಟ್ಟಿ ಮೊದಲು ಸೇರಿದ್ದು ಹೆರಿಗೆ ಡಾಕ್ಟರರ ಮನೆ. ಆಕೆ ನನ್ನ ಬಾಗಿಲನ್ನೂ ಮಲಗಿದ ಕೂಸು ಏಳದ ಹಾಗೆ ಹಾಕುತ್ತಿದ್ದರು. ಆಮೇಲೆ ಮದುವೆ ಫೋಟೋ ತೆಗೆಯುವವನೊಬ್ಬ. ಊರಿಗೆಲ್ಲ "ನಗ್ರಿ, ನಗ್ರಿ" ಎನ್ನುತ್ತಿದ್ದ, ನನ್ನನ್ನು ಮಾತ್ರ ಒದೆಯುತ್ತಿದ್ದ. ಮೂರನೆಯವರು ಧಾರವಾಡದ ದ್ಯಾಮನಗೌಡರು, ಶಾಲೆಯ ಡ್ರಿಲ್ ಮಾಸ್ತರು. ಅವರು ನಕ್ಕಿದ್ದನ್ನು ಯಾರೂ ನೋಡಿರಲಿಲ್ಲ. ಆದರೆ ನನ್ನ ಗಾಜು ಒರೆಸುವಾಗ ಕೈ ಮೆತ್ತಗಾಗುತ್ತಿತ್ತು.

ಅವರ ಹೆಂಡತಿಯ ತಮ್ಮ ಹೊಳೆಬಸು, ಬಿ.ಕಾಂ. ಕೋಳಿ, ಕುಕ್ಕರು, ಕಂಡಕ್ಟರು, ಎಲ್ಲರ ದನಿಯೂ ಅವನ ಗಂಟಲಲ್ಲಿತ್ತು. "ಬಾಯಾಗ ಸಪ್ಪಳ ಮಾಡಿದ್ರ ಯಾರ ನಂಬತಾರಲೇ ನಿನ್ನ?" ಎಂದು ಮಾಸ್ತರು ಗದರಿದಾಗ ಹಲ್ಲು ಕಿರಿದಿದ್ದ.

ಆ ಗದರಿಕೆಯ ಬೆನ್ನಿಗೇ, ಶ್ರಾವಣದಲ್ಲಿ ನನಗೆ ರೋಗ ಹತ್ತಿತು. ನವಲೂರಿನ ಏರಿನಲ್ಲಿ "ಗುರ್, ಗುರ್, ಠಸ್!" ಒಂದು ಸಿಲಿಂಡರು ಉರಿಯದಾಗ ಬರುವ ಸಪ್ಪಳ. ಶಕ್ತಿಯೂ ಉಡುಗಿತು, ಯಾರೋ ಹಿಂಗಾಲು ಹಿಡಿದು ಎಳೆದಂತೆ. ಪಕ್ಕದಲ್ಲಿದ್ದ ಹೊಳೆಬಸು ಗಾಬರಿಯಿಂದ ಹ್ಯಾಂಡ್‌ಬ್ರೇಕನ್ನೇ ಆಸರೆಗೆ ಹಿಡಿದುಕೊಂಡ.

"ಯಾಕೋ ಇದು, ಜಗ್ಗವಲ್ಲದು?"

"ವಯಸ್ಸಾಗೇತಿ ಮಾಮಾ. ಪಾಪ."

ಅಂದಿನಿಂದ ನನ್ನ ಎದೆಬಡಿತಕ್ಕೆ ನಾನೇ ಕಿವಿಗೊಡತೊಡಗಿದೆ. ಒಂದು, ಮೂರು, ನಾಲ್ಕು, ಎರಡು ಎಂದು ಸಿಲಿಂಡರುಗಳ ಹಾಜರಿ ಕರೆದೆ. ಯಾರೂ ಗೈರಿರಲಿಲ್ಲ. ಆದರೂ ಠಸ್ ಕೇಳುತ್ತಿತ್ತು, ಮೂರನೆಯವನ ಸರದಿಯಲ್ಲೇ. ಮೂರನೆಯವನು ನನಗೂ ತಿಳಿಯದಂತೆ ಸಾಯುತ್ತಿದ್ದಾನೆ ಎಂದು ಅಂಜಿದೆ.

ದಾವಲಸಾಬ ಮಿಸ್ತ್ರಿ ಪ್ಲಗ್ಗು ಬಿಚ್ಚಿದ. ತುದಿಗೆ ಬಿಸ್ಕೀಟಿನ ಬಣ್ಣ, ಅಂದರೆ ಆರೋಗ್ಯ. ಕಾರ್ಬುರೇಟರ್ ತೊಳೆದ, ಪೆಟ್ರೋಲ್ ಫಿಲ್ಟರ್ ಬದಲಿಸಿದ. ಅವನೊಬ್ಬನೇ ಓಡಿಸಿದರೆ ಹುಡುಗಿಯಂತೆ ಓಡಿದೆ. ಭಾವ-ಮೈದುನ ಕೂತರೆ ಮತ್ತೆ ಠಸ್.

"ಡಾಕ್ಟರ ಮುಂದ ಹಲ್ಲಬ್ಯಾನಿ ಮಾಯ ಆದಂಗ ಆಗಾಕತ್ತೈತ್ರೀ," ಎಂದು ಮಿಸ್ತ್ರಿ ತಲೆ ಕೆರೆದುಕೊಂಡ.

ಕಡೆಗೊಂದು ಮುಂಜಾನೆ ಗ್ಯಾರೇಜಿಗೆ ಗುಜರಿಯವನು ಸರಪಳಿ ಹಿಡಿದು ಬಂದ. ಕಾರಿಗೆ ಬಾರು ಹಾಕಿ ಎಳೆಯುವುದೇ ಅವನ ಕಾರುಬಾರು. ಮಾಸ್ತರು ನನ್ನತ್ತ ನೋಡದೆ, "ಇವತ್ತ ರೋಗ ಸಿಗಲಿಲ್ಲಂದ್ರ ಒಯ್ದುಬಿಡಪಾ," ಎಂದರು. ಅವರ ಕೈ ನನ್ನ ಹೆಡ್‌ಲೈಟಿನ ಮೇಲೆ ಸುಮ್ಮನೆ ಇತ್ತು. ನನಗೆ ಇಂಜಿನ್ ಬಿಸಿಯಲ್ಲೂ ಚಳಿ ಹತ್ತಿತು.

ಹೊಳೆಬಸುವನ್ನು ಸ್ಟಿಯರಿಂಗ್ ಮುಂದೆ ಕೂರಿಸಿ ಆಕ್ಸಿಲರೇಟರ್ ಒತ್ತಲು ಹೇಳಿದರು. ಬಾನೆಟ್ ಎತ್ತಿದ್ದರಿಂದ ಅವನಿಗೆ ಸರಪಳಿ ಕಾಣಲಿಲ್ಲ, ಇವರು ಮಾಡುತ್ತಿದ್ದದ್ದೂ ಕಾಣಲಿಲ್ಲ.

"ಗುರ್, ಗುರ್, ಠಸ್!"

ಮಿಸ್ತ್ರಿ ಒಂದೊಂದೇ ಪ್ಲಗ್ ವೈರ್ ಕಿತ್ತು ಹಾಕಿದ. ಸತ್ತ ಸಿಲಿಂಡರಿನ ವೈರ್ ಕಿತ್ತರೆ ಇಂಜಿನ್ನಿಗೆ ವ್ಯತ್ಯಾಸವೇ ಆಗುವುದಿಲ್ಲ. ಆದರೆ ಪ್ರತಿ ಸಲವೂ ನಾನು ಎಡವಿದೆ. ಅಂದರೆ ನಾಲ್ವರೂ ಬದುಕಿದ್ದರು! ತಲೆಕೆಟ್ಟ ಮಿಸ್ತ್ರಿ ಕಾಯಿಲ್‌ನ ವೈರನ್ನೇ ಕಿತ್ತ. ಕಿಡಿಯ ತಾಯಿಬೇರು ಅದು. ನಾನು ಪೂರ್ತಿ ನಿಂತೆ.

"ಗುರ್, ಗುರ್, ಠಸ್!"

ಮಿಸ್ತ್ರಿ ಕೈಯಲ್ಲಿದ್ದ ವೈರ್ ನೋಡಿದ. ಮಾಸ್ತರು ಮಿಸ್ತ್ರಿಯನ್ನು ನೋಡಿದರು. ಒಳಗೆ ಹೊಳೆಬಸು ಕಣ್ಣು ಮುಚ್ಚಿ, ಕತ್ತಿನ ನರ ಉಬ್ಬಿಸಿ, ಬಾಯಲ್ಲೇ ಏರು ಹತ್ತುತ್ತಲೇ ಇದ್ದ.

ಮಾಸ್ತರು ಕಿಟಕಿಗೆ ಬಂದರು. ಮುಖ ಕಲ್ಲು.

"ಸಪ್ಪಳ ತಿಳೀತು. ಏರಿನ್ಯಾಗ ಜಗ್ಗಲಿಲ್ಲಲ್ಲ, ಅದು?"

ಕಣ್ಣು ಬಿಟ್ಟ ಹೊಳೆಬಸುವಿಗೆ ಆಗ ಕಿಟಕಿಯಾಚೆ ಗುಜರಿಯವನ ಸರಪಳಿ ಕಂಡಿತು. ಬೆವರಿದ. ಹ್ಯಾಂಡ್‌ಬ್ರೇಕನ್ನು ಎರಡು ಹಲ್ಲು ಮೇಲೆತ್ತಿ ತೋರಿಸಿದ: ಕಟ್, ಕಟ್.

"ಚಾಲೂ ಆದಮ್ಯಾಲೆ ನಿಲ್ಲಸಾಕ ಬರಲಿಲ್ಲ ಮಾಮಾ. ನೀವು ನಂಬಾಕತ್ತಿದ್ರಿ!"

ಮಾಸ್ತರ ಮೀಸೆ ಒಮ್ಮೆ ನಡುಗಿತು. ಹೊಡೆಯುತ್ತಾರೆ ಎಂದುಕೊಂಡೆ. ಅವರ ಹೊಟ್ಟೆಯಿಂದ ಏನೋ ಎದ್ದು ಬಂತು, "ಠಸ್!" ಅದು ನಗು. ಕಿಟಕಿಯೊಳಗೆ ಬಾಗಿ, "ಗೆದ್ದಿಲೇ ಮಗನ!" ಎನ್ನುತ್ತ ನಗು ತಡೆಯಲಾರದೆ ಸ್ಟಿಯರಿಂಗ್ ಮೇಲೆ ಎದೆ ಊರಿಬಿಟ್ಟರು. ಅಲ್ಲಿ ನನ್ನ ಹಾರ್ನ್ ಇತ್ತು.

ಆ ಹಾರ್ನಿನಿಂದ ಇಡೀ ಆಯುಷ್ಯ ಜನ ನನ್ನ ಕೈಲಿ ಬಯ್ಯಿಸಿದ್ದರು. ಈಗ ಮಾಸ್ತರ ಮನೆಯ ಬೇವಿನ ನೆರಳಲ್ಲಿ ನಿಂತು ನೆನೆದರೆ, ನಾನು ನಕ್ಕದ್ದು ಅದೊಂದೇ ಸಲ. ಗುಜರಿಯವನು ಕಿವಿ ಮುಚ್ಚಿಕೊಂಡ, ಓಣಿಯ ನಾಯಿಗಳು ಎದ್ದು ಓಡಿದವು. ಮಾಸ್ತರು ಎದೆ ಎತ್ತಲಿಲ್ಲ, ನಾನೂ ನಿಲ್ಲಿಸಲಿಲ್ಲ.