ಅತಿಥಿಗೆ ಬಡಿಸಿದ ಅನ್ನ

ಸಮೀಕ್ಷೆಯವನು ಬರುತ್ತಾನೆಂದು ಕಾಗದ ಬಂದ ದಿನವೇ ನಮ್ಮೂರಿಗೆ ಅಕ್ಕಿ ಹುಡುಕುವ ಹುಚ್ಚು ಹಿಡಿಯಿತು. ಉರ್ವಾಯಾನ್ ದ್ವೀಪದಲ್ಲಿ ಭತ್ತ ಬೆಳೆಯುವುದಿಲ್ಲ. ಸುಣ್ಣಕಲ್ಲಿನ ನೆಲ, ಮರಗೆಣಸು ಬಿಟ್ಟರೆ ಬೇರೇನೂ ಬೇರು ಬಿಡದು. ನಾವು ತಿನ್ನುವುದು ಅದರದೇ ರೊಟ್ಟಿ, ಜೊತೆಗೆ ಮೀನು. ಆದರೆ ಹೊರಗಿನವರ ಮುಂದೆ ಆ ರೊಟ್ಟಿ ಇಟ್ಟ ಮನೆಯವರನ್ನು ಬಾವಿಕಟ್ಟೆಯ ಹೆಂಗಸರು ಸಾಯುವವರೆಗೂ ಆಡಿಕೊಳ್ಳುತ್ತಾರೆ. ಅತಿಥಿಗೆ ಅನ್ನವೇ ಆಗಬೇಕು.

ನಾನು ಊರಿನ ಗುಮಾಸ್ತ, ಹೆಸರು ಕನಿಸ್. ಜಿಲ್ಲಾ ಕೇಂದ್ರದ ಕಾಗದಗಳನ್ನು ಪೂರ್ತಿ ಓದುವವನು ಊರಲ್ಲಿ ನಾನೊಬ್ಬನೇ. ಅವರ ಪಟ್ಟಿಯಲ್ಲಿ ನಮ್ಮದು ‘ತೀರಾ ಹಿಂದುಳಿದ’ ಊರು. ಆ ಹೆಸರು ಇದ್ದದ್ದಕ್ಕೇ ಹೆರಿಗೆ ನರ್ಸು ಸುಲಾಸ್ತ್ರಿ ನಮ್ಮಲ್ಲೇ ಮನೆ ಮಾಡಿಕೊಂಡಿದ್ದಳು. ಸಮೀಕ್ಷೆಯವನ ವರದಿಯಿಂದ ಊರು ಒಂದು ಮೆಟ್ಟಿಲು ಮೇಲೇರಿತೋ, ಅವಳನ್ನು ಬೇರೆ ದ್ವೀಪಕ್ಕೆ ಎತ್ತಿಹಾಕುತ್ತಾರೆ. ನನ್ನ ಹೆಂಡತಿ ಮೆಲ್ಸಿಗೆ ಆಗ ಐದು ತಿಂಗಳು. ಮೊದಲ ಹೆರಿಗೆಯಲ್ಲಿ ಮಗು ಉಳಿಯಲಿಲ್ಲ, ರಕ್ತ ನಿಲ್ಲಲಿಲ್ಲ. ಅವಳನ್ನು ಉಳಿಸಿದ್ದು ಸುಲಾಸ್ತ್ರಿ.

ಊರ ಸಭೆಯಲ್ಲಿ ನಾನು ಬಾಯಿ ಬಿಟ್ಟೆ. "ಈ ಸಲ ಇದ್ದದ್ದನ್ನ ಇದ್ದ ಹಾಗೇ ತೋರಿಸೋಣ. ರೊಟ್ಟೀನೇ ಇಡೋಣ."

ಮೊದಲು ನಕ್ಕವಳು ನನ್ನ ಅತ್ತೆ, ಚರ್ಚಿನ ಹೆಂಗಸರ ಮುಂದಾಳು, ಊರೆಲ್ಲ ಮಾಮಾ, ಅಂದರೆ ಅಮ್ಮ, ಎಂದು ಕರೆಯುವ ಲೊದೊವಿಕಾ. "ಕೇಳಿದ್ರಾ, ನನ್ನ ಅಳಿಯ ಇಡೀ ಊರಿನ ಕೈಗೆ ಭಿಕ್ಷೆ ತಟ್ಟೆ ಕೊಡ್ತಾನಂತೆ."

"ನರ್ಸ್ ಹೋಗ್ಬಿಡ್ತಾರೆ ಮಾಮಾ. ಮೆಲ್ಸೀದು ಸ್ವಲ್ಪ ಯೋಚ್ನೆ ಮಾಡಿ."

"ನಾನು ಏಳು ಹೆತ್ತೋಳು ಕಣೋ. ನನಗ್ಯಾವ ನರ್ಸ್ ಬಂದಿದ್ಲು?"

ಏಳರಲ್ಲಿ ಉಳಿದದ್ದು ಎರಡೇ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

ಎದುರು ದ್ವೀಪದ ವ್ಯಾಪಾರಿಯಿಂದ ಎರಡು ಮೂಟೆ ಅಕ್ಕಿ ಎರವಲು ಬಂತು. ಕುರ್ಚಿಗಳು ಬಂದವು, ಜನರೇಟರ್ ಬಂತು. ಅವನ ಮೋಟಾರು ದೋಣಿಯನ್ನೂ ತಂದು ನಮ್ಮ ದೋಣಿಕಟ್ಟೆಗೆ ಕಟ್ಟಿದರು, ನಮ್ಮ ತಾತನ ಆಸ್ತಿಯೋ ಎನ್ನುವಂತೆ.

ಸಮೀಕ್ಷೆಯವನು ಒಳ್ಳೆಯ ಹುಡುಗ, ಹೆಸರು ತೌಫಿಕ್. ಉಣ್ಣುತ್ತಲೇ ಕೇಳುತ್ತಿದ್ದ.

"ದಿನಾ ಅನ್ನಾನೇನಾ?"

"ಮೂರು ಹೊತ್ತೂ ಬಾಪಾ," ಎಂದ ಊರ ಮುಖ್ಯಸ್ಥ ಗೆರಾರ್ದುಸ್. ಅವನ ಮನೆಯಲ್ಲಿ ಅಂದು ಬೆಳಿಗ್ಗೆ ನಿನ್ನೆಯ ರೊಟ್ಟಿ ತಿಂದಿದ್ದರು.

"ಕಾಯಿಲೆಯವರನ್ನ ಪೇಟೆಗೆ ಹೇಗೆ ಸಾಗಿಸ್ತೀರಿ?"

ಗೆರಾರ್ದುಸ್ ಮೋಟಾರು ದೋಣಿಯ ಕಡೆ ಗಲ್ಲ ಎತ್ತಿ ತೋರಿಸಿದ. ತೌಫಿಕ್ ಬರೆದುಕೊಂಡ. ಆಮೇಲೆ ಹಾಳೆಯನ್ನು ನನ್ನ ಕಡೆ ತಿರುಗಿಸಿದ. "ಗುಮಾಸ್ತರೇ, ಎಲ್ಲಾ ಸರಿ ತಾನೆ? ನಿಮ್ಮ ಸಹಿ ಬೇಕು."

ತಲೆ ಎತ್ತಿದೆ. ಮೆಲ್ಸಿ ಭಾನುವಾರದ ಬಟ್ಟೆ ತೊಟ್ಟು, ಉಬ್ಬಿದ ಹೊಟ್ಟೆ ಹೊತ್ತು, ಅತಿಥಿಯ ತಟ್ಟೆಗೆ ಎರಡನೇ ಸಲ ಅನ್ನ ಬಡಿಸುತ್ತಿದ್ದಳು. ಮುಖದಲ್ಲಿ ಹೆಮ್ಮೆ. ಹಿಂದೆ ಅವಳ ತಾಯಿ ನನ್ನನ್ನೇ ನೋಡುತ್ತಾ ನಿಂತಿದ್ದಳು. ಇಲ್ಲ ಎಂದು ಒಂದು ಮಾತು ಆಡಿದ್ದರೆ ಸಾಕಿತ್ತು. ನಾನು ಹೇಡಿ, ಸಹಿ ಹಾಕಿದೆ.

ಮೂರು ತಿಂಗಳಿಗೆ ಆದೇಶ ಬಂತು. ನಮ್ಮದು ಇನ್ನು ‘ಮುಂದುವರಿಯುತ್ತಿರುವ’ ಊರು. ಚರ್ಚಿನ ಗಂಟೆ ಬಾರಿಸಿದರು, ಗೆರಾರ್ದುಸ್ ಭಾಷಣ ಮಾಡಿದ. ಅದೇ ವಾರದ ಹಡಗಿಗೆ ಸುಲಾಸ್ತ್ರಿ ಪೆಟ್ಟಿಗೆ ಹೊತ್ತು ಬಂದಳು. "ನಿಮ್ಮೂರು ಇಷ್ಟೊಂದು ಉಂಡು ತೇಗೋ ಊರು ಅಂತ ನನಗೆ ಗೊತ್ತೇ ಇರ್ಲಿಲ್ಲ ಕನಿಸ್," ಎಂದಳು. ಹತ್ತುವ ಮೊದಲು ದನಿ ತಗ್ಗಿಸಿ, "ಮುಂದಿನ ಹಡಗಿಗೆ ಮೆಲ್ಸೀನ ಪೇಟೆಗೆ ಕರ್ಕೊಂಡು ಹೋಗಿಬಿಡಿ, ತಡ ಮಾಡ್ಬೇಡಿ," ಎಂದಳು.

ಮುಂದಿನ ಹಡಗು ಬರಲೇ ಇಲ್ಲ. ಪಶ್ಚಿಮದ ಗಾಳಿ ಆ ವರ್ಷ ಬೇಗ ಎದ್ದಿತು. ಸಮುದ್ರಕ್ಕೆ ದೋಣಿ ಇಳಿಸುವ ಹಾಗಿರಲಿಲ್ಲ, ಮೋಟಾರು ದೋಣಿ ಎಂದೋ ವ್ಯಾಪಾರಿಯ ಮನೆ ಸೇರಿತ್ತು. ಒಂದು ಬೆಳಿಗ್ಗೆ ಮೆಲ್ಸಿಗೆ ನೋವು ಶುರುವಾಯಿತು. ಈ ಸಲವೂ ರಕ್ತ ನಿಲ್ಲಲಿಲ್ಲ. ಅತ್ತೆ ಬಟ್ಟೆ ಒತ್ತಿಹಿಡಿದು ಕೂತೇ ಇದ್ದಳು, ನಾನು ಬಟ್ಟೆ ಹರಿದು ಕೊಡುತ್ತಲೇ ಇದ್ದೆ. ಮಧ್ಯಾಹ್ನದ ಹೊತ್ತಿಗೆ ತಾಯಿಯೂ ಇಲ್ಲ, ಮಗುವೂ ಇಲ್ಲ.

ಗಾಳಿ ಇಳಿದ ಮೇಲೆ ಜಿಲ್ಲಾ ಕಚೇರಿಗೆ ಹೋದೆ. ಕಿರುಚಾಡಬೇಕೆಂದೇ ಹೋಗಿದ್ದೆ. ಅಲ್ಲಿನ ಗುಮಾಸ್ತೆ ಹಾಳೆ ತೆಗೆದು ತೋರಿಸಿದಳು. "ಇದು ನಿಮ್ಮ ಸಹಿ ಅಲ್ವಾ ಅಣ್ಣ?" ಕೆಟ್ಟವಳಲ್ಲ. ದಾರಿಯನ್ನೂ ಹೇಳಿದಳು. "ಅವತ್ತು ಹೇಳಿದ್ದೆಲ್ಲ ಸುಳ್ಳು ಅಂತ ಏಳು ಜನ ಹಿರಿಯರ ಸಹಿ ಹಾಕಿಸ್ಕೊಂಡು ಬನ್ನಿ. ನರ್ಸನ್ನ ವಾಪಸ್ ಕಳಿಸೋಕಾಗತ್ತೆ."

ಅನ್ನ ಎರವಲು, ದೋಣಿ ಎರವಲು, ನಾವು ತಿನ್ನುವುದು ಮರಗೆಣಸು ಎಂದು ನಾನೇ ಬರೆದೆ. ಮೊದಲ ಸಹಿಗೆ ಅತ್ತೆಯ ಮನೆಗೇ ಹೋದೆ. ಅವಳು ಹಾಕಿದರೆ ಇಲ್ಲವೆನ್ನುವ ಎದೆ ಊರಲ್ಲಿ ಯಾರಿಗೂ ಇರಲಿಲ್ಲ. ಅವಳು ಗೆಣಸು ತುರಿಯುತ್ತಿದ್ದಳು. ಎರಡು ಸಲ ಓದಿಸಿಕೊಂಡಳು. ಕೈ ಒರೆಸಿಕೊಂಡು ಕಾಗದ ಇಸಕೊಂಡಳು. ಹಾಕುತ್ತಾಳೆ ಅಂದುಕೊಂಡೆ.

"ನನ್ನ ಮಗಳು ಕೊನೇ ಸಲ ಅತಿಥಿಗೆ ಬಡಿಸಿದ್ದು ಅದೇ ಅನ್ನ," ಎಂದಳು. "ಅವಳು ಬಡಿಸಿದ್ದು ಎರವಲು ಅಂತ ಪೇಟೆಯವರಿಗೆ ಬರ್ಕೊಡ್ಲಾ? ಅವಳನ್ನಂತೂ ಕಳ್ಕೊಂಡೆ. ಅವಳ ಮರ್ಯಾದೇನೂ ಕಳೀಬೇಕಾ ಕನಿಸ್?"

ಕಾಗದವನ್ನು ನೀಟಾಗಿ ಮಡಿಚಿ ನನ್ನ ಕೈಗಿಟ್ಟಳು. ಮೆಲ್ಸಿಯ ತಂಗಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ನಾಲ್ಕು ತಿಂಗಳ ಬಸುರಿ. ನಾನು ಅವಳ ಮುಖ ನೋಡಿದೆ. ಅಮ್ಮ ಹೇಳಿದ್ದು ಸರಿ ಎಂದು ಅವಳೂ ತಲೆಯಾಡಿಸಿದಳು.