ಸ್ಟಾರ್ಟ್ ಬಟನ್ ಇಲ್ಲದ ರಿಮೋಟ್

ನಮ್ಮ ಮನೆಯ ಟಿವಿ ಗೇಮ್‌ಗೆ ಎರಡು ರಿಮೋಟ್. ಒಂದನೆಯದಕ್ಕೆ ಸ್ಟಾರ್ಟ್ ಬಟನ್ ಇದೆ, ಎರಡನೆಯದಕ್ಕೆ ಇಲ್ಲ. ಆಟ ಶುರು ಮಾಡುವುದು, ನಡುವೆ ನಿಲ್ಲಿಸುವುದು, ಮತ್ತೆ ಬಿಡುವುದು ಎಲ್ಲ ಒಂದನೆಯದನ್ನು ಹಿಡಿದವರ ಕೈಯಲ್ಲಿ. ಎರಡನೆಯದನ್ನು ಹಿಡಿದವರು ಅವರು ಬಿಟ್ಟಾಗ ಆಡಬೇಕು, ನಿಲ್ಲಿಸಿದಾಗ ಬಾಯಿ ಮುಚ್ಚಿಕೊಂಡು ಕೂರಬೇಕು. ಈ ಮೆಷಿನ್ ಮಾಡಿದ ಪುಣ್ಯಾತ್ಮನ ಮನೆಯಲ್ಲೂ ಒಬ್ಬಳು ತಂಗಿ ಇದ್ದಿರಬೇಕು ಎಂದು ನನಗೆ ಬಹಳ ವರ್ಷ ಅನಿಸುತ್ತಿತ್ತು.

ನನ್ನ ಹೆಸರು ತನುಜ. ಅಪ್ಪ ಕೊಂಡಪ್ಪ ಚಿಕ್ಕಬಳ್ಳಾಪುರ ಡಿಪೋದಲ್ಲಿ ಬಸ್ ಡ್ರೈವರ್ ಆಗಿದ್ದರು. ಅಣ್ಣ ಮುನೇಶ್ ಎಸೆಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದನೆಂದು ಬೆಂಗಳೂರಿನಿಂದ ಆ ಗೇಮ್ ತಂದಿದ್ದರು. ಹಾಗಾಗಿ ಒಂದನೇ ರಿಮೋಟ್ ಅವನದೇ. ನಾನು ಇನ್ನೇನು ಗೆಲ್ಲಬೇಕು ಅನ್ನುವ ಹೊತ್ತಿಗೆ ಸರಿಯಾಗಿ ಅವನಿಗೆ ಬಾಯಾರಿಕೆಯಾಗುತ್ತಿತ್ತು. ಸ್ಟಾರ್ಟ್ ಒತ್ತಿ ಆಟ ನಿಲ್ಲಿಸಿ, ನಿಧಾನವಾಗಿ ನೀರು ಕುಡಿದು ಬಂದು, ನನ್ನ ಕೈಯ ಬಿಸಿ ಆರಿದ ಮೇಲೆ ಮತ್ತೆ ಬಿಡುತ್ತಿದ್ದ. ಅಪ್ಪ ಗದರಿದ ದಿನ ಮಾತ್ರ ಬೇಕೆಂದೇ ಸೋಲುತ್ತಿದ್ದ, ಅಳುವ ಮಗುವಿನ ಕೈಗೆ ಪೆಪ್ಪರ್‌ಮಿಂಟ್ ಕೊಟ್ಟ ಹಾಗೆ. ಆ ಎರಡರಲ್ಲಿ ಯಾವುದು ಹೆಚ್ಚು ಉರಿಸುತ್ತಿತ್ತು ಎಂದು ಕೇಳಿದರೆ, ಬೇಕೆಂದೇ ಸೋಲುತ್ತಿದ್ದುದೇ.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ನನ್ನ ಮದುವೆಯ ತೀರ್ಮಾನ ನಿಂತಿದ್ದು ಆ ರಿಮೋಟಿನ ಮೇಲೆ.

ಎರಡು ಸಾವಿರದ ಆರನೇ ಇಸವಿ, ಅವರೆಕಾಯಿ ಕಾಲ. ನಾನು ಗೌರಿಬಿದನೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಆಗಲೇ ಇಬ್ಬರು ನನ್ನನ್ನು ನೋಡಿ ಹೋಗಿದ್ದರು. ಮೊದಲನೆಯವನು ಮದುವೆಯಾದ ಮೇಲೆ ಕೆಲಸ ಬಿಡುತ್ತೀರಾ ಎಂದು ಕೇಳಿದ. ನೀವು ಏನು ಬಿಡುತ್ತೀರಿ ಎಂದು ನಾನೂ ಕೇಳಿದೆ, ಅಲ್ಲಿಗೆ ಮುಗಿಯಿತು. ಎರಡನೆಯವನು ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸಿದ. ಅವನು ಬೇಡ ಎಂದು ನಾನು ಹೇಳಿದಾಗ ಅಮ್ಮ ಮುನಿಶಾಮಮ್ಮ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ನನಗೆ ಬೇಕಾಗಿದ್ದುದು ಬಹಳ ಸಣ್ಣದು: ನನ್ನೆದುರು ಕೂತು ಸರಿಯಾಗಿ ಆಡುವ ಮನುಷ್ಯ. ಇದನ್ನು ಅಮ್ಮನಿಗೆ ಬಿಡಿಸಿ ಹೇಳುವುದು ಹೇಗೆ?

ಮೂರನೆಯವರು ಭಾನುಪ್ರಕಾಶ್. ಶಿಡ್ಲಘಟ್ಟದವರು, ಚಿಂತಾಮಣಿಯ ಒಂದು ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದರು. ಭಾನುವಾರ ಬೆಳಿಗ್ಗೆ ತಾಯಿ ಕದಿರಮ್ಮ ಮತ್ತು ಸೋದರಮಾವ ಬಯ್ಯಪ್ಪನವರ ಜೊತೆ ಬಂದರು. ನಮ್ಮಲ್ಲಿ ಹೆಣ್ಣು ನೋಡಲು ಬಂದವರಿಗೆ ಉಪ್ಪಿಟ್ಟು, ಕೇಸರಿಬಾತು, ಕಾಫಿ, ಅಷ್ಟೇ. ಸಂಬಂಧ ಕುದುರುವ ತನಕ ಅವರು ಆ ಮನೆಯಲ್ಲಿ ಊಟ ಮಾಡುವುದಿಲ್ಲ. ಎಲೆ ಹಾಕಿದರೆ ಹೆಣ್ಣಿನವರು ಒಪ್ಪಿದರು ಎಂದು, ಎಲೆಯ ಮುಂದೆ ಕೂತರೆ ಗಂಡಿನವರೂ ಒಪ್ಪಿದರು ಎಂದು ಲೆಕ್ಕ. ಆದರೂ ಅಮ್ಮ ಆಸೆ ತಡೆಯಲಾರದೆ ಬೆಳಿಗ್ಗೆಯೇ ಹಿತಕಿದ ಬೇಳೆ ಸಾರು ಮಾಡಿಟ್ಟಿದ್ದಳು. ಆ ಘಮ ಹಾಲ್‌ಗೂ ಬರುತ್ತಿತ್ತು. ಬಯ್ಯಪ್ಪನವರು ಉಪ್ಪಿಟ್ಟು ತಿನ್ನುತ್ತಾ ಅಡುಗೆಮನೆಯ ಕಡೆಗೇ ನೋಡುತ್ತಿದ್ದರು.

ಅಪ್ಪ ಒಂದು ಮಾತು ಮೊದಲೇ ಹೇಳಿದ್ದರು. ಇಷ್ಟ ನಿಂದೇ, ಆದರೆ ಹೌದೋ ಅಲ್ಲವೋ ಇವತ್ತೇ ಹೇಳಬೇಕು, ಜನರನ್ನು ಕಾಯಿಸುವುದು ನನಗೆ ಇಷ್ಟವಿಲ್ಲ ಎಂದು.

ಭಾನುಪ್ರಕಾಶ್ ನನ್ನನ್ನು ನೋಡಿದ್ದಕ್ಕಿಂತ ಟಿವಿ ಸ್ಟ್ಯಾಂಡನ್ನು ನೋಡಿದ್ದೇ ಹೆಚ್ಚು. ಅಮ್ಮ ಗೇಮ್‌ನ ಮೇಲೆ ಕ್ರೋಷಾ ಬಟ್ಟೆ ಹೊದಿಸಿ, ಅದರ ಮೇಲೆ ಪ್ಲಾಸ್ಟಿಕ್ ಹೂವು ಇಟ್ಟು ಅಲಂಕಾರ ಮಾಡಿದ್ದಳು. ಬಟ್ಟೆಯ ಅಂಚಿನಿಂದ ರಿಮೋಟಿನ ವೈರು ಇಣುಕುತ್ತಿತ್ತು. ಇದು ಇನ್ನೂ ಓಡುತ್ತಾ ಎಂದು ಅವರು ಕೇಳಿದರು. ಅಷ್ಟು ಹೊತ್ತು ಜೀತಕ್ಕೆ ಬಂದವರ ಹಾಗೆ ಕೂತಿದ್ದವರ ಮುಖ ಆಗ ಅರಳಿತು.

ತಮ್ಮ ಬಳಿಯೂ ಇಂಥದ್ದೇ ಇತ್ತಂತೆ. ಶಿಡ್ಲಘಟ್ಟದಲ್ಲಿ ಗೂಡಿನ ಮಾರ್ಕೆಟ್ಟಿನ ಹಿಂದೆ ಗಂಟೆಯ ಲೆಕ್ಕದಲ್ಲಿ ಆಡಿಸುವ ಅಂಗಡಿಯಿತ್ತಂತೆ, ಪಕ್ಕದಲ್ಲೇ ರೇಷ್ಮೆಗೂಡು ಬೇಯಿಸುವ ನಾತ, ಆ ನಾತದಲ್ಲೇ ಆಟ ಕಲಿತರಂತೆ. ಮನೆಗೆ ತಂದ ಗೇಮನ್ನು ಇವರು ಡಿಪ್ಲೊಮಾ ಓದಲು ಹೋದಾಗ ಕದಿರಮ್ಮನವರು ಪಾತ್ರೆಯವನಿಗೆ ಕೊಟ್ಟು ಸ್ಟೀಲ್ ಡಬರಿ ತೆಗೆದುಕೊಂಡರು. ಆ ಡಬರಿಯಲ್ಲಿ ಅಕ್ಕಿ ತೊಳೆಯುವುದನ್ನು ನೋಡಿದಾಗಲೆಲ್ಲ ಈಗಲೂ ಸಂಕಟವಾಗುತ್ತದೆ ಎಂದರು. ಡಬರಿ ಒಳ್ಳೇದಿದೆ ಕಣಪ್ಪ ಎಂದು ಕದಿರಮ್ಮ ಸಮಾಧಾನ ಹೇಳಿದರು.

ಹಳೆಯ ಕಥೆ ಮುಗಿದ ಮೇಲೆ ಮಾತು ಮುಂದೆ ಬರುವುದರ ಕಡೆಗೆ ತಿರುಗಿತು. ಈ ವರ್ಷ ಒಂದು ಹೊಸ ಮೆಷಿನ್ ಬರುತ್ತದಂತೆ, ರಿಮೋಟನ್ನು ಬ್ಯಾಟಿನ ಹಾಗೆ ಗಾಳಿಯಲ್ಲಿ ಬೀಸಿದರೆ ಟಿವಿಯೊಳಗೆ ಚೆಂಡು ಹೋಗುತ್ತದಂತೆ. ನಮ್ಮ ಹಾಲ್‌ನಲ್ಲಿ ಬೀಸಿದರೆ ಟ್ಯೂಬ್‌ಲೈಟ್ ಹೋಗುತ್ತದೆ ಎಂದೆ. ಇನ್ನು ಹತ್ತಿಪ್ಪತ್ತು ವರ್ಷಕ್ಕೆ ಪೆಟ್ಟಿಗೆಯೂ ಇರುವುದಿಲ್ಲ, ಟಿವಿಯೂ ಬೇಡ, ಒಂದು ಕನ್ನಡಕ ಹಾಕಿಕೊಂಡರೆ ಆಟದೊಳಗೇ ನಿಂತಿರುತ್ತೇವೆ ಎಂದರು.

"ಕನ್ನಡಕ ಹಾಕ್ಕೊಂಡ್ರೆ ಪಕ್ಕದಲ್ಲಿ ಕೂತಿರೋರ ಹೆಬ್ಬೆಟ್ಟು ಹೆಂಗೆ ಕಾಣುತ್ತೆ?" ಎಂದೆ. "ಅದನ್ನ ನೋಡೇ ಅಲ್ವಾ ಆಡೋದು?"

ಅವರು ಕಾಫಿ ಲೋಟ ಕೆಳಗಿಟ್ಟು ಯೋಚಿಸಿದರು. ಅದು ಹೊಳೆದಿರಲಿಲ್ಲ ಎಂದು ಒಪ್ಪಿಕೊಂಡರು. ಮುಂದೆ ಏನು ಬೇಕಾದರೂ ಬರಲಿ, ಎರಡನೇ ರಿಮೋಟಿಗೂ ಸ್ಟಾರ್ಟ್ ಇರಬೇಕು ಎಂದೆ. ಈಗಿನ ಸಿ.ಡಿ. ಮೆಷಿನ್‌ಗಳಲ್ಲಿ ಆಗಲೇ ಬಂದಿದೆ ಎಂದು ಅವರು ಹೇಳಿದಾಗ ಸಂತೋಷವೂ ಆಯಿತು, ನನ್ನ ಬಾಲ್ಯದ ಮೇಲೆ ಸಿಟ್ಟೂ ಬಂತು.

ಆಡೋಣ ಎಂದು ನಾನೇ ಹೇಳಿದೆ. ಅಪ್ಪ ಕಣ್ಣಲ್ಲೇ ಬೇಡ ಅಂದರು, ನಾನು ಆ ಕಡೆ ನೋಡಲಿಲ್ಲ. ಮುನೇಶ್ ವೈರು ಜೋಡಿಸಿದ. ಭಾನುಪ್ರಕಾಶ್ ಆಟದ ಕ್ಯಾಸೆಟ್ ತೆಗೆದು ಉಫ್ ಎಂದು ಊದಿ, ಪೂರ್ತಿ ಒತ್ತಿ, ಆಮೇಲೆ ಎಳ್ಳಷ್ಟು ಮೇಲಕ್ಕೆತ್ತಿದರು. ಚಿತ್ರ ಒಂದೇ ಸಲಕ್ಕೆ ಬಂತು. ಇದು ಪಳಗಿದ ಕೈ ಎಂದು ನನಗೆ ಅಲ್ಲೇ ಗೊತ್ತಾಯಿತು.

ನಾನು ಆರಿಸಿದ್ದು ಬಲೂನಿನ ಆಟ. ಇಬ್ಬರು ಕುಳ್ಳರು ಬಲೂನು ಕಟ್ಟಿಕೊಂಡು ಹಾರುತ್ತಾರೆ, ಒಬ್ಬರ ಬಲೂನನ್ನು ಇನ್ನೊಬ್ಬರು ಮೇಲಿನಿಂದ ಬಂದು ಒಡೆಯಬೇಕು, ಕೆಳಗಿನ ನೀರಿನ ಹತ್ತಿರ ಹೋದರೆ ಮೀನು ನುಂಗುತ್ತದೆ. ಒಂದನೇ ರಿಮೋಟನ್ನು ನಾನು ಹಿಡಿದೆ. ಶುರುವಿನಲ್ಲೇ ಅವರ ಕುಳ್ಳ ಗೋಡೆಗೆ ಡಿಕ್ಕಿ ಹೊಡೆದು ಪುಟಿದು, ನನ್ನ ತಲೆಯ ಮೇಲಿನಿಂದ ಜಾರಿ ಪಾರಾದ. ಅದು ವರ್ಷಗಟ್ಟಲೆ ಆಡಿದವರಿಗೆ ಮಾತ್ರ ಬರುವ ವಿದ್ಯೆ. ಮರುಕ್ಷಣ ಕದಿರಮ್ಮ ಕೆಮ್ಮಿದರು. ಆಮೇಲೆ ಆ ಕುಳ್ಳ ಕುರಿಯ ಹಾಗೆ ನೇರವಾಗಿ ನನ್ನ ಕಾಲಡಿಗೇ ಬರತೊಡಗಿದ. ಒಂದು ಬಲೂನು ಒಡೆಯಿತು, ಇನ್ನೊಂದೂ ಒಡೆಯಿತು. ಅಪ್ಪ ಚಪ್ಪಾಳೆ ತಟ್ಟಿದರು. ತನುಜ ಬಲು ಚುರುಕು ಎಂದು ಕದಿರಮ್ಮ ಹೊಗಳಿದರು.

ನನಗೆ ಮೈಯೆಲ್ಲ ಉರಿಯಿತು. ಸ್ಟಾರ್ಟ್ ಒತ್ತಿ ಆಟ ನಿಲ್ಲಿಸಿದೆ.

"ಬೇಕಂತ ಸೋಲ್ತಿದ್ದೀರ," ಎಂದೆ.

ಅವರು ತಾಯಿಯ ಮುಖ ನೋಡಿ, ಆಮೇಲೆ ನನ್ನ ಮುಖ ನೋಡಿ, ಸುಳ್ಳು ಹೇಳದೆ ಒಪ್ಪಿಕೊಂಡರು. ಹೆಣ್ಣಿನ ಮನೆಯಲ್ಲಿ ಎಲ್ಲದಕ್ಕೂ ಹೂಂ ಅನ್ನಬೇಕು, ಎದುರು ನಿಲ್ಲಬಾರದು ಎಂದು ಬಸ್ಸಿನಲ್ಲಿ ಕದಿರಮ್ಮ ಹೇಳಿಕೊಟ್ಟಿದ್ದರಂತೆ. ಗಂಡು ಒಳ್ಳೆಯವನು ಎಂದು ತೋರಿಸುವುದಕ್ಕೆ ನಮ್ಮ ಕಡೆ ಎಲ್ಲರೂ ಮಾಡುವ ಉಪಾಯವೇ ಅದು. ತಲೆಯಾಡಿಸಿಕೊಂಡು ಬಂದು ಹೋದ ಎರಡನೆಯವನಿಗೂ ಯಾರೋ ಹೀಗೆಯೇ ಹೇಳಿಕೊಟ್ಟಿರಬೇಕು.

ನಾನು ಒಂದನೇ ರಿಮೋಟನ್ನು ಅವರ ಕೈಗೆ ಕೊಟ್ಟು ಎರಡನೆಯದನ್ನು ತೆಗೆದುಕೊಂಡೆ.

"ಈಗ ನಿಲ್ಲಿಸೋದು ಬಿಡೋದು ಎಲ್ಲಾ ನಿಮ್ ಕೈಲಿದೆ," ಎಂದೆ. "ನಂಗೆ ಗೆಲ್ಲಿಸೋರು ಬೇಡ, ನಿಲ್ಲಿಸೋರೂ ಬೇಡ. ನನ್ ಜೊತೆ ಆಡೋರು ಬೇಕು. ಆಗುತ್ತಾ?"

ಅವರು ಶರ್ಟಿನ ತೋಳು ಮಡಿಚಿಕೊಂಡು ಆಟವನ್ನು ಮೊದಲಿನಿಂದ ಶುರು ಮಾಡಿದರು. ಅದೇ ಉತ್ತರ.

ಅಂಥ ಆಟವನ್ನು ನಾನು ಅದಕ್ಕೆ ಮೊದಲು ಆಡಿರಲಿಲ್ಲ. ಅವರು ಮೇಲಿನಿಂದ ಬಂದರೆ ನಾನು ಗೋಡೆ ಹಿಡಿದು ಜಾರುವುದು, ನಾನು ಬೆನ್ನು ಹತ್ತಿದರೆ ಅವರು ನೀರಿನ ಅಂಚಿನವರೆಗೆ ಇಳಿದು ಮೀನಿನ ಬಾಯಿಂದ ತಪ್ಪಿಸಿಕೊಂಡು ಏರುವುದು. ಇದೇನು ಹೆಣ್ಣು ನೋಡುವ ಶಾಸ್ತ್ರವೋ ಪಂದ್ಯವೋ ಎಂದು ಬಯ್ಯಪ್ಪನವರು ತೆಲುಗಿನಲ್ಲಿ ಗೊಣಗಿದರು. ಮಗನೇ ಸಾಕು ಕಣೋ ಎಂದು ಕದಿರಮ್ಮ ಎರಡು ಸಲ ಹೇಳಿದರೂ ಅವರ ಕಿವಿಗೆ ಬೀಳಲಿಲ್ಲ. ಕೊನೆಗೆ ಇಬ್ಬರಿಗೂ ಒಂದೊಂದೇ ಬಲೂನು ಉಳಿಯಿತು. ನಾನು ಮೇಲಿದ್ದೆ, ಅವರು ಮೂಲೆಯಲ್ಲಿ ಸಿಕ್ಕಿಬಿದ್ದಿದ್ದರು. ಸರಿಯಾಗಿ ಆ ಹೊತ್ತಿಗೆ ಅವರ ಜೇಬಿನಲ್ಲಿ ಮೊಬೈಲ್ ಬಡಿದುಕೊಂಡಿತು.

ಅಣ್ಣನಾಗಿದ್ದರೆ ಆ ಕಾಲ್‌ಗೆ ಕೈ ಮುಗಿದು ಸ್ಟಾರ್ಟ್ ಒತ್ತುತ್ತಿದ್ದ. ನಾನು ಅವರ ಹೆಬ್ಬೆರಳನ್ನೇ ನೋಡಿದೆ. ಅದು ಬಟನ್ನಿನ ಪಕ್ಕದಲ್ಲೇ ಇತ್ತು, ಆದರೆ ಆ ಕಡೆ ಸರಿಯಲಿಲ್ಲ. ಮೊಬೈಲ್ ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ನಾನು ಹೆಬ್ಬೆರಳು ನೋಡುತ್ತಿದ್ದ ಅಷ್ಟರಲ್ಲಿ ಅವರ ಕುಳ್ಳ ಗೋಡೆಯಿಂದ ಪುಟಿದು ಬಂದು ನನ್ನ ಬಲೂನು ಒಡೆದ. ನಾನು ಸೋತದ್ದು ಆ ಹೆಬ್ಬೆರಳಿನಿಂದ, ಆಟ ಬಾರದೆ ಅಲ್ಲ. ಇದನ್ನು ಇವತ್ತಿಗೂ ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಕದಿರಮ್ಮ ಹಣೆ ಚಚ್ಚಿಕೊಂಡು, ಹೆಣ್ಣಿನ ಮನೆಗೆ ಬಂದು ಇದೇನು ಮಾಡಿದೆಯೋ ಎಂದು ಮಗನನ್ನು ಬೈದು, ಅಪ್ಪನ ಕ್ಷಮೆ ಕೇಳಿ, ಬ್ಯಾಗು ಹೆಗಲಿಗೆ ಹಾಕಿಕೊಂಡು ಎದ್ದರು. ಅಪ್ಪ ಬಸ್‌ಸ್ಟ್ಯಾಂಡಿನವರೆಗೆ ಬಿಟ್ಟು ಬರಲು ಚಪ್ಪಲಿ ಹುಡುಕತೊಡಗಿದರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಲ್ಲ ಮುಗಿಯಿತೆಂದು ಮುನೇಶ್ ವೈರು ಕೀಳಲು ಬಗ್ಗಿದ.

"ಕೀಳ್ಬೇಡಿ," ಎಂದರು ಭಾನುಪ್ರಕಾಶ್. ಅವರೊಬ್ಬರೇ ಇನ್ನೂ ನೆಲದ ಮೇಲೆ ಕೂತಿದ್ದರು. "ಇನ್ನೊಂದಾಟ ಇದೆ. ಈ ಸಲ ಒಂದನೇದು ಅವರಿಗೆ."

ಎಂದು ಸ್ಟಾರ್ಟ್ ಇರುವ ರಿಮೋಟನ್ನು ನನ್ನ ಕಡೆ ಚಾಚಿದರು. ಆ ರಿಮೋಟನ್ನು ನಾನು ಕಿತ್ತುಕೊಂಡಿದ್ದೆ, ಜಗಳವಾಡಿ ಇಸಿದುಕೊಂಡಿದ್ದೆ. ಕೇಳದೆ ಅದನ್ನು ನನ್ನ ಕೈಗೆ ಕೊಟ್ಟವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ತೆಗೆದುಕೊಂಡೆ. ಒತ್ತಲಿಲ್ಲ.

"ಊಟ ಆದ್ಮೇಲೆ ಆಡಣ," ಎಂದೆ. ಆಮೇಲೆ ಅಡುಗೆಮನೆಯ ಕಡೆ ತಿರುಗಿದೆ. "ಅಮ್ಮ, ಎಲೆ ಹಾಕಮ್ಮ."

ಭಾನುಪ್ರಕಾಶ್ ಮಡಿಚಿದ್ದ ತೋಳನ್ನು ಇಳಿಸಿಕೊಂಡು ತಾಯಿಯ ಕಡೆ ನೋಡಿದರು. ಕದಿರಮ್ಮ ಹೆಗಲಿನ ಬ್ಯಾಗನ್ನು ನಿಧಾನವಾಗಿ ಕೆಳಗಿಟ್ಟರು. ಬಯ್ಯಪ್ಪನವರು ಎಲ್ಲರಿಗಿಂತ ಮೊದಲು ಕೈ ತೊಳೆಯಲು ಎದ್ದರು.